ದೃಷ್ಟಿಬೊಟ್ಟಿನ ಬೆಲೆ

ಶಿರಗುಪ್ಪಿಯಂಥ ಊರಿನಲ್ಲಿ ಸ್ಟುಡಿಯೋ ನಡೆಸುವವನಿಗೆ ಕಬ್ಬಿನ ಬಿಲ್ಲು ಬಂದ ದಿನವೇ ಸಂವತ್ಸರದ ಮೊದಲ ದಿನ. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸುವ ಹಂಗಾಮು ಮೊದಲಾಗಿ, ರೈತನ ಖಾತೆಗೆ ಮೊದಲ ಕಂತು ಜಮೆಯಾದೊಡನೆ, ಹಣವಿಲ್ಲದೆ ಮುಂದೆ ಬಿದ್ದಿದ್ದ ಜಾವಳವೂ, ಕೂಸಿನದೊಂದು ಚೆಂದದ ಫೋಟೋ ತೆಗೆಸಬೇಕೆಂದು ತಾಯಿಯ ಮನಸ್ಸಿನಲ್ಲಿ ಅಡಗಿದ್ದ ಆಸೆಯೂ ಒಟ್ಟಿಗೇ ಎಚ್ಚರಗೊಂಡು, ಉಗಾರ, ಶೇಡಬಾಳ, ಕಾಗವಾಡಗಳಿಂದಲೂ ಕುಂಚಿಗೆ ತೊಟ್ಟ ಕೂಸುಗಳನ್ನು ಬಗಲಲ್ಲಿಟ್ಟುಕೊಂಡ ಸಂಸಾರಗಳು ನನ್ನ ಅಂಗಡಿಯ ಮೆಟ್ಟಿಲೇರುತ್ತವೆ. ಕಬ್ಬು ತಲುಪಿದ 14 ದಿನಗಳೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವು ವಿಧಿಸಿದೆ. ಆದಾಗ್ಯೂ ಹಣ ತಡವಾದ ವರ್ಷಗಳಲ್ಲಿ ಅದರ ನೆರಳು ನನ್ನ ಕೀರ್ದಿಯ ಪುಟದ ಮೇಲೂ ಬಿದ್ದು, ಉದ್ರಿಯ ಕಾಲಮು ಉದ್ದವಾಗುತ್ತದೆ. ಹೀಗೆ ನಾಲ್ಕೈದು ತಿಂಗಳ ಸಂಪಾದನೆಯಲ್ಲಿ ಹನ್ನೆರಡು ತಿಂಗಳನ್ನು ಸಾಗಿಸಬೇಕಾದವನು ಲೆಕ್ಕದಲ್ಲಿ ತಪ್ಪಿದರೆ, ಆ ತಪ್ಪು ಶ್ರಾವಣದ ಹೊತ್ತಿಗೆ ಮನೆಯ ಒಲೆಯ ಬಳಿ ಕಾಣಿಸುತ್ತದೆ. ನಾನು ಬಹುಕಾಲ ಅಂಥದೊಂದು ತಪ್ಪಿನಲ್ಲಿಯೇ ಇದ್ದೆನು.

ನಾನು ಈ ವೃತ್ತಿಗೆ ಬಂದದ್ದು ಫಿಲ್ಮಿನ ಕಾಲದಲ್ಲಿ. ಮೀರಜದ ಒಂದು ಸ್ಟುಡಿಯೋದ ಕತ್ತಲೆಕೋಣೆಯಲ್ಲಿ, ಹೈಪೋವಿನ ವಾಸನೆಯ ನಡುವೆ, ಕೆಂಪು ದೀಪದ ಮಂದ ಪ್ರಕಾಶದಲ್ಲಿ ಬಿಳಿಯ ಕಾಗದದ ಮೇಲೆ ಮುಖವೊಂದು ಮೆಲ್ಲಮೆಲ್ಲನೆ ಉದಯಿಸುವುದನ್ನು ನೋಡುತ್ತ ಕಲಿತೆನು. 120ರ ರೋಲಿನಲ್ಲಿ ಚೌಕಾಕಾರದ ಚಿತ್ರಗಳು 12 ಮಾತ್ರ; ಆದುದರಿಂದ ಕೂಸು ನಗುವವರೆಗೆ ಗಿಲಕಿಯಾಡಿಸುತ್ತ ಕಾಯುವುದೇ ವಿದ್ಯೆಯ ಅರ್ಧಭಾಗವಾಗಿತ್ತು. ನೆಗೆಟಿವ್ ತಿದ್ದುವುದು ಚೂಪಾದ ಪೆನ್ಸಿಲಿನ ಕೆಲಸ. ಅದು ಸಾವಕಾಶವೂ ಕಷ್ಟಕರವೂ ಆಗಿದ್ದುದರಿಂದ ಅದಕ್ಕೆ ಬೇರೆಯೇ ದರವಿತ್ತು, ಗಿರಾಕಿಗೂ ಅದು ಗೊತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಫಿಲ್ಮಿನ ಖರ್ಚು ನಿಂತಿತು. ಅದರೊಡನೆ ಎಣಿಕೆಯೂ ನಿಂತಿತು. ಒಂದು ಕೂಸಿಗೆ ನೂರು, ಇನ್ನೂರು ಚಿತ್ರ ತೆಗೆದು, ಅವುಗಳಲ್ಲಿ 12ನ್ನು ಆರಿಸಿ, ಒಂದೊಂದನ್ನೂ ಕಂಪ್ಯೂಟರಿನಲ್ಲಿ ತಿದ್ದಿ ಕೊಡುವುದು ರೂಢಿಯಾಯಿತು. ನಾನು ಮಾತ್ರ ಹಳೆಯ ಅಭ್ಯಾಸದಂತೆ ಕಾಗದಕ್ಕೂ ಚೌಕಟ್ಟಿಗೂ ಬೆಲೆ ಕಟ್ಟುತ್ತ, ರಾತ್ರಿ ಹನ್ನೊಂದರವರೆಗೆ ಕಣ್ಣು ಕೆಂಪಗಾಗಿಸಿಕೊಂಡು ಮಾಡಿದ ಕೆಲಸವನ್ನು ಲೆಕ್ಕಕ್ಕೇ ಹಿಡಿಯದೆ ಹೋದೆನು.

ವ್ಯಾಪಾರ ಹೆಚ್ಚಿದ ವರ್ಷದಲ್ಲಿಯೇ ಕೈಸಾಲವೂ ಹೆಚ್ಚಿದ್ದನ್ನು ಕಂಡು, ಒಂದು ಮಳೆಗಾಲದ ಬಿಡುವಿನಲ್ಲಿ ಖತಾವಣಿಯನ್ನು ಮುಂದಿಟ್ಟುಕೊಂಡು ಕುಳಿತೆನು. ತಿಂಗಳಿಗೆ ಅಂಗಡಿಯ ಬಾಡಿಗೆ 4,000, ಕರೆಂಟು ಬಿಲ್ಲು 1,800, ಸಹಾಯಕನಾದ ಹುಡುಗನಿಗೆ 9,000, ಸವೆದುಹೋಗುವ ಕ್ಯಾಮೆರಾ ಕಂಪ್ಯೂಟರುಗಳಿಗಾಗಿ ತೆಗೆದಿಡಬೇಕಾದ 4,200 ರೂಪಾಯಿ, ಒಟ್ಟು 19,000. ದಿನಕ್ಕೆ 8 ತಾಸಿನಂತೆ 26 ದಿನ ಅಂಗಡಿ ತೆರೆದರೆ 208 ತಾಸು. ಅಂದರೆ ಬಾಗಿಲು ತೆರೆದಿರುವ ಪ್ರತಿಯೊಂದು ತಾಸಿಗೂ, ನಾನು ಸುಮ್ಮನೆ ಕುಳಿತರೂ, ಸುಮಾರು 91 ರೂಪಾಯಿ ವ್ಯಯವಾಗುತ್ತಿತ್ತು. ಕೂಸಿನ ಫೋಟೋಕ್ಕೆ ಆಗ ನಾನು ಹಿಡಿದಿದ್ದ ದರ 600. ತೆಗೆಯಲು 40 ನಿಮಿಷ, ಆರಿಸಲು ಅರ್ಧ ತಾಸು, 12 ಚಿತ್ರಗಳನ್ನು ತಿದ್ದಲು ಒಂದೊಂದಕ್ಕೆ ಕಾಲು ತಾಸಿನಂತೆ 3 ತಾಸು; ಒಟ್ಟು 4 ತಾಸು 10 ನಿಮಿಷ. ಅದರ ಅಂಗಡಿ ಖರ್ಚು 380, ಪ್ರಿಂಟು ಮತ್ತು ಚೌಕಟ್ಟಿಗೆ 190. ಉಳಿದದ್ದು 30 ರೂಪಾಯಿ. ಅದು ನನ್ನ ನಾಲ್ಕು ತಾಸಿನ ಪರಿಶ್ರಮಕ್ಕೆ ದೊರೆತ ಕೂಲಿ. ಆ ಅಂಕಿಯನ್ನು ಮೂರು ಸಲ ಕೂಡಿ ಕಳೆದು ನೋಡಿದೆನು, ಅದು ಬದಲಾಗಲಿಲ್ಲ.

ದರ ಏರಿಸುವುದೊಂದೇ ಉಪಾಯವೆಂದು ಮೊದಲು ತೋರಿತು. ಬೇರೊಂದು ಉಪಾಯವಿದೆಯೆಂಬುದನ್ನು ನನಗೆ ತಿಳಿಸಿದವಳು ಒಬ್ಬ ಅಜ್ಜಿ. ಐದು ತಿಂಗಳ ಮೊಮ್ಮಗಳ ಚಿತ್ರವನ್ನು ತಿದ್ದುವಾಗ ಸಹಾಯಕ ಹುಡುಗನು ಗಲ್ಲದ ಮೇಲಿನ ಕಾಡಿಗೆಯ ಬೊಟ್ಟನ್ನು ಕಲೆಯೆಂದೆಣಿಸಿ, ಹಣೆಯ ಬೆವರಿನೊಡನೆ ಅದನ್ನೂ ಅಳಿಸಿ, ಚರ್ಮವನ್ನು ಮೇಣದಂತೆ ನುಣುಪುಗೊಳಿಸಿ ಪ್ರಿಂಟು ಹಾಕಿಸಿದ್ದನು. ಚೌಕಟ್ಟನ್ನು ಕೈಗೆ ತೆಗೆದುಕೊಂಡ ಆ ಮುದುಕಿ ಬಹಳ ಹೊತ್ತು ನೋಡಿ, “ತಮ್ಮಾ, ನಮ್ಮ ಕೂಸಿನ ದಿಷ್ಟಿಬೊಟ್ಟ ಯಾಕ ಒರಿಸಿದಿ? ಗ್ವಾಡಿಗಿ ಹಾಕಿದ್ರ ಬಂದ ಮಂದಿ ಎಲ್ಲಾ ನೋಡತಾರ. ಹಿಂಗ ಬರೇ ಗಲ್ಲ ಬಿಟ್ರ ಕೂಸಿಗಿ ದಿಷ್ಟಿ ತಾಗೂದಿಲ್ಲೇನು?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಭಯವಿತ್ತು. ನಾನು ಮೂಲಚಿತ್ರವನ್ನು ತೆಗೆದು, ಯಾವುದನ್ನೂ ಮುಟ್ಟದೆ, ಬೆಳಕಿನ ಬಣ್ಣವೊಂದನ್ನೇ ಸರಿಪಡಿಸಿ, ಮತ್ತೊಂದು ಪ್ರಿಂಟು ಹಾಕಿಸಿ ಕೊಟ್ಟೆನು. ಆ ಎರಡನೆಯ ಚಿತ್ರಕ್ಕೆ ತಗುಲಿದ್ದು 2 ನಿಮಿಷ. ಮೊದಲನೆಯದಕ್ಕೆ ಹುಡುಗನು ಮುಕ್ಕಾಲು ತಾಸು ವ್ಯಯಿಸಿದ್ದನು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಕೂಸು ಇದ್ದದ್ದು ಎರಡನೆಯದರಲ್ಲಿ.

ಅಂದಿನಿಂದ ಅಂಗಡಿಯಲ್ಲಿ ಒಂದು ನಿಯಮ ಬಂದಿತು. ಹತ್ತು ದಿನಗಳಲ್ಲಿ ತಾನಾಗಿ ಮಾಯವಾಗುವುದನ್ನು ಅಳಿಸಬಹುದು: ಸೊಳ್ಳೆ ಕಚ್ಚಿದ ಗುರುತು, ತುಟಿಯಂಚಿನ ಹಾಲು, ಮೂಗಿನ ಕೆಳಗಿನ ಒದ್ದೆ. ಕೂಸಿನೊಡನೆ ಬೆಳೆಯುವ ಮಚ್ಚೆಯನ್ನಾಗಲಿ, ಹಿರಿಯರು ಪ್ರೀತಿಯಿಂದ ಇಟ್ಟ ಬೊಟ್ಟನ್ನಾಗಲಿ, ತಂದೆತಾಯಿಗಳಿಂದ ಬಂದ ಮೈಬಣ್ಣವನ್ನಾಗಲಿ ಮುಟ್ಟಕೂಡದು. “ಕಾಕಾ, ಕೂಸನ್ನ ಜರಾ ಬೆಳ್ಳಗ ಮಾಡ್ರಿ” ಎಂದು ಕೇಳುವ ತಾಯಂದಿರು ಇಂದಿಗೂ ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಅವರನ್ನು ನಾನು ಆಕ್ಷೇಪಿಸುವುದಿಲ್ಲ. ಅವರಿಗೆ ಯಾರು ಯಾವ ಮಾತು ಆಡಿದ್ದಾರೋ ಬಲ್ಲವರಾರು? ಕೂಸನ್ನು ಕಿಟಕಿಯ ಬಳಿ ತಾಯಿಯ ತೊಡೆಯ ಮೇಲೆ ಕೂರಿಸಿ, ಬೆಳಗಿನ ಮೃದುವಾದ ಬೆಳಕಿನಲ್ಲಿ ತೆಗೆದ ಚಿತ್ರವನ್ನು ತೋರಿಸಿದರೆ, ಹತ್ತರಲ್ಲಿ ಒಂಬತ್ತು ಮಂದಿ ಆ ಮಾತನ್ನು ಮತ್ತೆ ಎತ್ತುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರು ಯುನಿಸೆಫ್‌ಗಾಗಿ ತೆಗೆದ ಮಕ್ಕಳ ಚಿತ್ರಗಳು ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಆ ಮಕ್ಕಳು ತಮ್ಮ ಬಣ್ಣದಲ್ಲಿ, ತಮ್ಮ ಧೂಳಿನಲ್ಲಿ, ತಮ್ಮ ಬೆಳಕಿನಲ್ಲಿಯೇ ನಿಂತವರು.

ಈ ನಿಯಮದ ಫಲ ಲೆಕ್ಕದ ಪುಸ್ತಕದಲ್ಲಿಯೂ ಕಂಡಿತು. ಈಗ ಸಂಸಾರವನ್ನೇ ಕಂಪ್ಯೂಟರಿನ ಮುಂದೆ ಕೂರಿಸಿ 20 ನಿಮಿಷದಲ್ಲಿ 3 ಚಿತ್ರಗಳನ್ನು ಆರಿಸಲು ಹೇಳುತ್ತೇನೆ; ಆ ಮೂರನ್ನೇ, ಬೇಕಾದಷ್ಟೇ, ತಿದ್ದುತ್ತೇನೆ. ತೆಗೆಯುವ 40, ಆರಿಸುವ 20, ತಿದ್ದುವ 45, ಒಟ್ಟು 1 ತಾಸು 45 ನಿಮಿಷ. ಅಂಗಡಿ ಖರ್ಚು 160, ಪ್ರಿಂಟು ಚೌಕಟ್ಟು ಅದೇ 190. ದರವನ್ನು ಒಂದು ರೂಪಾಯಿಯೂ ಏರಿಸದೆ ನನಗೆ ಉಳಿಯುವುದು 250. ಹೆಚ್ಚಿನ ಚಿತ್ರ ಬೇಕೆಂದವರಿಗೆ ಒಂದೊಂದಕ್ಕೂ ಬೇರೆ ದರವನ್ನು ಗೋಡೆಯ ಫಲಕದಲ್ಲಿ ಬರೆದಿದ್ದೇನೆ. ಬರೆದ ದರಕ್ಕೆ ಚೌಕಾಶಿ ಕಡಿಮೆ.

ಸವಕಳಿಯ ಹಣವನ್ನು ಬೇರೆ ಖಾತೆಯಲ್ಲಿಡುವುದನ್ನೂ ಆಗಲೇ ಕಲಿತೆನು. ಆದಾಯ ತೆರಿಗೆಯ ನಿಯಮಗಳು ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 40, ಕ್ಯಾಮೆರಾದಂಥ ಯಂತ್ರಗಳಿಗೆ ಶೇಕಡಾ 15 ಸವಕಳಿಯನ್ನು ಒಪ್ಪುತ್ತವೆ. ಸರಕಾರವೇ ಸವೆಯುತ್ತದೆಂದು ಒಪ್ಪಿದ ವಸ್ತುವನ್ನು ಅದರ ಒಡೆಯನು ಶಾಶ್ವತವೆಂದು ಭಾವಿಸಿ, ಅದು ಕೆಟ್ಟ ದಿನ ಸಾಲಕ್ಕೆ ಓಡುವುದು ಸಲ್ಲದು.

ಇನ್ನೊಂದು ವಿಷಯವನ್ನು ನನ್ನ ವೃತ್ತಿಬಾಂಧವರಿಗೆ ಹೇಳಲೇಬೇಕು. ಹಣ ಪಡೆದು ತೆಗೆದುಕೊಟ್ಟ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದೇ ಎಂದು 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮು ಹೇಳುತ್ತದೆ. ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಾಗಲಿ, ಮೊಬೈಲಿನ ಜಾಹೀರಾತಿನಲ್ಲಾಗಲಿ ಒಂದು ಕೂಸಿನ ಮುಖವನ್ನು ಇಡುವ ಮೊದಲು ಅದರ ತಂದೆತಾಯಿಗಳನ್ನು ಕೇಳಿ, ಬರೆಸಿಕೊಳ್ಳುವುದು ನಮ್ಮ ಕರ್ತವ್ಯ.

2019ರ ಆಗಸ್ಟಿನಲ್ಲಿ ಕೃಷ್ಣೆ ದಡ ಮೀರಿ ಹರಿದು, ಕಾಗವಾಡ ತಾಲ್ಲೂಕಿನ ಜುಗೂಳ, ಮಂಗಾವತಿಗಳಂಥ ಊರುಗಳ ಮನೆಗಳಿಗೆ ನುಗ್ಗಿದಳು. ನೀರಿಳಿದ ಮೇಲೆ ಕೆಲವು ವಾರ ನನ್ನ ಅಂಗಡಿಗೆ ಬಂದವರು ಹೊಸ ಚಿತ್ರ ತೆಗೆಸುವವರಲ್ಲ. ಕೆಸರು ಮೆತ್ತಿದ ಆಲ್ಬಮ್ಮುಗಳನ್ನು ಗೋಣಿಚೀಲದಲ್ಲಿ ತಂದವರು. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳದೆ ಗಾಜಿನ ಮೇಲಿನಿಂದಲೇ ಮರುಚಿತ್ರ ತೆಗೆದೆನು. ನಾನೇ ತೆಗೆದಿದ್ದವುಗಳ ಪ್ರತಿಗಳು ಮನೆಯ ಅಟ್ಟದ ಮೇಲಿನ ಎರಡನೆಯ ಹಾರ್ಡ್ ಡಿಸ್ಕಿನಲ್ಲಿ ಉಳಿದಿದ್ದವು. ಅವುಗಳನ್ನು ಕಾಗದದ ಬೆಲೆಯನ್ನೂ ಕೇಳದೆ ಮುದ್ರಿಸಿಕೊಟ್ಟೆನು. ಆ ಖರ್ಚನ್ನು ಖತಾವಣಿಯಲ್ಲಿ ನಷ್ಟವೆಂದು ಬರೆಯಲು ನನಗೆ ಇಂದಿಗೂ ಮನಸ್ಸಾಗಿಲ್ಲ. ಒಬ್ಬ ತಾಯಿ ಮಾತ್ರ ತಂದ ಹಳೆಯ ಚಿತ್ರದಲ್ಲಿ ಮುಖ ಮಸುಕಾಗಿ, ಅದು ಹಿರಿಯ ಮಗನೋ ಕಿರಿಯವನೋ ಎಂದು ಅವಳಿಗೇ ಗುರುತು ಹತ್ತಲಿಲ್ಲ. ಹಿಂಭಾಗದಲ್ಲಿ ಏನೂ ಬರೆದಿರಲಿಲ್ಲ. ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ: ಮುಂದಿನ ಬಿಲ್ಲು ಬಂದಾಗ ಮೊಬೈಲಿನಲ್ಲಿರುವ ನಿಮ್ಮ ಕೂಸಿನ ಚಿತ್ರಗಳಲ್ಲಿ ಒಂದನ್ನಾದರೂ ಕಾಗದದ ಮೇಲೆ ಮುದ್ರಿಸಿ, ಅದರ ಬೆನ್ನಿಗೆ ಹೆಸರನ್ನೂ ತಾರೀಖನ್ನೂ ಬರೆದು, ಮನೆಯಲ್ಲಿ ನೀರು ಏರದಷ್ಟು ಎತ್ತರದಲ್ಲಿಡಿ.