ಹೆಬ್ಬಾಳ: ಕೆರೆಯಂಚಿನ ಹಳೆಯ ಊರನ್ನು ನೋಡುವ ಬಗೆ

ಬಳ್ಳಾರಿ ರಸ್ತೆ ಮತ್ತು ಹೊರವರ್ತುಲ ರಸ್ತೆ ಕೂಡುವಲ್ಲಿನ ಮೇಲ್ಸೇತುವೆಯಿಂದಲೇ ಇಂದು ಹೆಚ್ಚು ಪರಿಚಿತವಾಗಿರುವ ಹೆಬ್ಬಾಳವು ಹನ್ನೆರಡು ಶತಮಾನಗಳಿಗೂ ಮಿಕ್ಕ ಚರಿತ್ರೆಯುಳ್ಳ ಊರಾಗಿದ್ದು, ವಿಮಾನ ನಿಲ್ದಾಣದ ದಾರಿಯಲ್ಲಿ ಅದನ್ನು ದಾಟಿಹೋಗುವವರು ಒಂದು ಮುಂಜಾವನ್ನಾದರೂ ಅದಕ್ಕೆಂದೇ ಮೀಸಲಿಡಬೇಕು.

ಯಲಹಂಕ, ಆರ್.ಟಿ. ನಗರ, ಯಶವಂತಪುರಗಳಿಂದ ಬರುವವರು ಬಸ್ಸಿನಲ್ಲಿ ಬಂದಿಳಿದು ಕಾಲ್ನಡಿಗೆಯಲ್ಲಿ ಮೊದಲು ಕೆರೆಯತ್ತ ಮುಂದುವರಿಯುವುದೇ ಲೇಸು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರಿದರೆ, ಹೆಬ್ಬಾಳದ ಕಣಿವೆಯ ನೀರು ಪೂರ್ವಕ್ಕೆ ತಿರುಗಿ, ಕೆರೆಯ ಕೋಡಿಯಿಂದ, ಅಂದರೆ ಹೆಚ್ಚುವರಿ ನೀರು ಹೊರಬೀಳುವ ದಾರಿಯಿಂದ, ನಾಗವಾರದತ್ತ ಹರಿದು, ಮುಂದೆ ಎಲೆಮಲ್ಲಪ್ಪ ಶೆಟ್ಟಿ ಕೆರೆಯನ್ನು ಹಾಯ್ದು ದಕ್ಷಿಣ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಕೆರೆಯು ಕೆಂಪೇಗೌಡರ ಕಾಲದ್ದೆಂಬ ಪ್ರತೀತಿಯಿದೆ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಬೆಳಗಿನ ಹೊತ್ತು ಹೆಜ್ಜಾರ್ಲೆ, ಬೂದು ಬಕಗಳಂಥ ಹಕ್ಕಿಗಳನ್ನು ನೋಡಲು ತಕ್ಕ ಕಾಲವಾದುದರಿಂದ ದುರ್ಬೀನು ಜೊತೆಗಿದ್ದರೆ ಒಳ್ಳೆಯದು.

ಆದರೆ ಇಲ್ಲಿನ ನಿಜವಾದ ಸಂಪತ್ತು ಹಳೆಯ ಊರಿನೊಳಗಿದೆ. 2018ರಲ್ಲಿ ಚರಂಡಿಗಾಗಿ ನೆಲ ಅಗೆಯುತ್ತಿದ್ದಾಗ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರದೆಂದು ನಿರ್ಣಯಿಸಲಾದ ವೀರಗಲ್ಲು, ಅಂದರೆ ಕಾದಿ ಮಡಿದವನ ನೆನಪಿಗೆ ನಿಲ್ಲಿಸಿದ ಶಿಲ್ಪಸಹಿತವಾದ ಕಲ್ಲು, ಬೆಂಗಳೂರಿನಲ್ಲಿ ಈವರೆಗೆ ತಿಳಿದಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. ಗಂಗ ಅರಸ ಶ್ರೀಪುರುಷನ ಆಳ್ವಿಕೆಯಲ್ಲಿ ರಟ್ಟವಾಡಿಯವರು, ಎಂದರೆ ರಾಷ್ಟ್ರಕೂಟರ ಕಡೆಯವರು, ಈ ಸೀಮೆಯ ಮೇಲೆ ಬಿದ್ದಾಗ ಕಿಟ್ಟಯ್ಯನೆಂಬವನು ಹೋರಾಡಿ ಪ್ರಾಣಬಿಟ್ಟ ಸಂಗತಿಯನ್ನು ಅದು ದಾಖಲಿಸುತ್ತದೆ. ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿಸಿದರೆನ್ನಲಾಗುವ 1537ಕ್ಕಿಂತ ಸುಮಾರು ಎಂಟು ಶತಮಾನ ಹಿಂದೆಯೇ, ದೊರೆಯಲ್ಲದ ಒಬ್ಬನ ಸಾವನ್ನು ಇಲ್ಲಿನ ಜನ ಕನ್ನಡದಲ್ಲಿ ಬರೆಸಿಟ್ಟರೆಂಬುದು ನಗರದ ಚರಿತ್ರೆಯನ್ನೇ ಬೇರೆ ಕಣ್ಣಿನಿಂದ ನೋಡುವಂತೆ ಮಾಡುವ ಸಂಗತಿ. ಮಣ್ಣುಪಾಲಾಗದೆ ಉಳಿದು, ಈಗ ಮಂಟಪದ ನೆರಳು ಪಡೆದಿರುವ ಈ ಕಲ್ಲಿನ ಮುಂದೆ ಸಾವಧಾನದಿಂದ ನಿಲ್ಲಬೇಕು. ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುತ್ತಿರುವ ಮಿಥಿಕ್ ಸೊಸೈಟಿಯ ಚಿತ್ರಗಳನ್ನು ಮೊದಲೇ ನೋಡಿ ಬಂದರೆ ಸವೆದ ಅಕ್ಷರಗಳನ್ನು ಗುರುತಿಸುವುದು ಸುಲಭವಾಗುತ್ತದೆ.

ಸಮಯ ಉಳಿದರೆ ಆನಂದಲಿಂಗೇಶ್ವರ ದೇವಾಲಯವಿರುವ ಗುಡ್ಡವನ್ನೂ, ಮೇಖ್ರಿ ವೃತ್ತದ ಬಳಿಯ ಕೆಂಪೇಗೌಡ ಗೋಪುರವನ್ನೂ ನೋಡಬಹುದು.

ಶಾಸನವನ್ನು ಓದುವ ಉತ್ಸಾಹದಲ್ಲಿ ಸುಣ್ಣ ತುಂಬುವುದಾಗಲಿ, ಭಕ್ತಿಯಿಂದ ಎಣ್ಣೆ, ಕುಂಕುಮ ಹಚ್ಚುವುದಾಗಲಿ ಅಕ್ಷರಗಳನ್ನು ಹಾಳುಮಾಡುವುದರಿಂದ, ಕಲ್ಲನ್ನು ಮುಟ್ಟದೆ, ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಬೇಕೆಂದು ಪ್ರವಾಸಿಗರಲ್ಲಿ ವಿನಂತಿ.