ಹಾಸ್ಟೆಲ್ ಫೀಸೂ ರಿಯಾಲ್ ಲೆಕ್ಕವೂ

ಸೌದಿ ಅರೇಬಿಯಾ 2017ರ ಜುಲೈ ಒಂದರಿಂದ ಹೊರದೇಶದ ನೌಕರರ ಹೆಂಡತಿ ಮಕ್ಕಳ ಮೇಲೆ ತಲೆಗಂದಾಯ ಹಾಕಿತು. ಮೊದಲ ವರ್ಷ ತಲೆಗೆ ತಿಂಗಳಿಗೆ 100 ರಿಯಾಲ್, ಮರುವರ್ಷ 200, ಆಮೇಲೆ 300, 2020ರ ಹೊತ್ತಿಗೆ 400. ಆಗ ತಿಂಗಳು ತಿಂಗಳು ಕಟ್ಟುವ ಹಾಗಿರಲಿಲ್ಲ. ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸುವಾಗ ವರ್ಷದ್ದನ್ನು ಒಟ್ಟಿಗೇ ಮುಂಗಡ ಕೊಡಬೇಕಿತ್ತು. ಈ ಸುದ್ದಿ 2016ರ ಡಿಸೆಂಬರಿನಲ್ಲೇ ಹೊರಬಿದ್ದಿತ್ತು. ಅದಾದ ಕೆಲವೇ ತಿಂಗಳಲ್ಲಿ ನನಗೆ ಅಲ್ಲಿನ ದಮ್ಮಾಮ್ ನಗರದಲ್ಲಿ ಕೆಲಸ ಬಂತು.

ನಮ್ಮದು ಸೇಲಂ ಗುಗೈ ಕಡೆಯ ದೇವಾಂಗರ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗಳು ಆ ಜೂನ್‌ಗೆ ಎಂಟನೇ ತರಗತಿ, ಮಗ ಎರಡನೇ ತರಗತಿ. ಮಗನನ್ನು ಬಿಟ್ಟುಹೋಗುವ ಮಾತೇ ಇರಲಿಲ್ಲ. ಮಗಳದ್ದೇ ಪ್ರಶ್ನೆ. ನನಗಿಂತ ಮೊದಲೇ ಅಲ್ಲಿದ್ದ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: "ತಲೆಗಂದಾಯ ಏರ್ತಾ ಹೋಗುತ್ತೆ, ದೊಡ್ಡವಳನ್ನ ಊರಲ್ಲೇ ಹಾಸ್ಟೆಲ್‌ಗೆ ಹಾಕಿಬಿಡಿ, ದುಡ್ಡು ಉಳಿಯುತ್ತೆ."

ಉಳಿಯುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. ರಿಯಾಲ್ ಡಾಲರಿಗೆ 3.75ರಂತೆ ಕಟ್ಟಿಹಾಕಿದ ನಾಣ್ಯ. 2017ರಲ್ಲಿ ಡಾಲರ್ ಅರವತ್ತನಾಲ್ಕು ಅರವತ್ತೈದು ರೂಪಾಯಿ ಇದ್ದಾಗ ಒಂದು ರಿಯಾಲ್ ಹದಿನೇಳು ರೂಪಾಯಿ ಚಿಲ್ಲರೆ. ಮಗಳೊಬ್ಬಳ ಮೊದಲ ವರ್ಷದ ತಲೆಗಂದಾಯ 1,200 ರಿಯಾಲ್, ಅಂದರೆ ಇಪ್ಪತ್ತು ಸಾವಿರದ ಆಸುಪಾಸು. ಅಲ್ಲಿನ ಭಾರತೀಯ ಶಾಲೆಯ ಫೀಸು, ಬಸ್ಸು ಸೇರಿ ತೊಂಬತ್ತು ಸಾವಿರ. ಕರೆದುಕೊಂಡು ಹೋದರೆ ಒಟ್ಟು 1,10,000. ಇಲ್ಲಿ ಬಿಟ್ಟರೆ, ನಮಗೆ ಒಪ್ಪಿಗೆಯಾದ ಶಾಲೆಯಲ್ಲಿ ಪಾಠದ ಫೀಸು, ಹಾಸ್ಟೆಲ್, ಊಟ ಎಲ್ಲ ಕೂಡಿ 1,80,000. ಎಪ್ಪತ್ತು ಸಾವಿರ ಜಾಸ್ತಿಯೇ. ತಲೆಗಂದಾಯ 400 ರಿಯಾಲ್‌ಗೆ ಏರಿದ ವರ್ಷವೂ ಈ ಅಂತರ ಕಿರಿದಾಗುತ್ತದೆ ಅಷ್ಟೆ, ತಿರುಗಿ ಬೀಳುವುದಿಲ್ಲ. ಇಡೀ ಸಂಸಾರವನ್ನೇ ವಾಪಸು ಕಳಿಸಿ, ಅಲ್ಲಿನ ಮನೆ ಬಿಟ್ಟು, ಗಂಡಸು ಒಬ್ಬನೇ ರೂಮಿಗೆ ಸೇರಿಕೊಂಡರೆ ಉಳಿತಾಯ ನಿಜ. ಒಂದು ಮಗುವನ್ನು ಮಾತ್ರ ಬಿಟ್ಟರೆ ಬಾಡಿಗೆ ಕಡಿಮೆಯಾಗುತ್ತದೆಯೇ, ಫ್ರಿಜ್ಜಿನ ಕರೆಂಟು ಕಡಿಮೆಯಾಗುತ್ತದೆಯೇ?

ಹಾಗಿದ್ದೂ ನಾವು ಬಿಟ್ಟೆವು. ಆ ಎಪ್ಪತ್ತು ಸಾವಿರವನ್ನು ನಾನು ಶಾಲೆಗೆ ಕಟ್ಟಿದ ಹಣ ಅಂತ ಯಾವತ್ತೂ ಬರೆದುಕೊಳ್ಳಲಿಲ್ಲ. ಅದು ನನ್ನ ನೌಕರಿಯ ಮೇಲೆ ಕಟ್ಟಿದ ವಿಮೆಯ ಕಂತು.

ವಿವರಿಸುತ್ತೇನೆ. ಕೊಲ್ಲಿಯ ನೌಕರಿ ಯಾವ ತಿಂಗಳಲ್ಲಿ ಮುಗಿಯುತ್ತದೆ ಅಂತ ಯಾರೂ ಹೇಳಲಾರರು. ಶಾಲೆಯ ವರ್ಷ ಮಾತ್ರ ನಮ್ಮ ಕಾಂಟ್ರಾಕ್ಟಿಗೆ ಕಾಯುವುದಿಲ್ಲ. ಸಿಬಿಎಸ್‌ಇಯಲ್ಲಿ ಒಂಬತ್ತನೇ ತರಗತಿಯಲ್ಲೇ ಬೋರ್ಡಿಗೆ ಹೆಸರು ನೋಂದಾಯಿಸುತ್ತಾರೆ. ಹತ್ತಕ್ಕೋ ಹನ್ನೆರಡಕ್ಕೋ ನೇರವಾಗಿ ಬೇರೆ ಶಾಲೆಗೆ ಸೇರಬೇಕಾದರೆ ವರ್ಗಾವಣೆಯಂಥ ಕಾರಣ ತೋರಿಸಿ, ಕಾಗದಪತ್ರ ಕೊಟ್ಟು, ಬೋರ್ಡಿನ ಅನುಮತಿ ಪಡೆಯಬೇಕು. ಅಂದರೆ ಒಂಬತ್ತು ಹತ್ತು ಒಂದು ಗಂಟು, ಹನ್ನೊಂದು ಹನ್ನೆರಡು ಇನ್ನೊಂದು ಗಂಟು. ಎಂಟನೇ ತರಗತಿಯ ಮಗುವನ್ನು ಕರೆದುಕೊಂಡು ಹೋಗುವವರು ಈ ಗಂಟಿನ ನಡುವೆ ನೌಕರಿ ಹೋದರೆ ಏನು ಅಂತ ಕೇಳಿಕೊಳ್ಳಬೇಕು. ಎರಡನೇ ತರಗತಿಯ ಮಗುವಿಗೆ ಆ ಅಪಾಯವೇ ಇಲ್ಲ. ಯಾವ ತಿಂಗಳಲ್ಲಿ ಬಂದರೂ ಯಾವುದಾದರೊಂದು ಶಾಲೆ ತೆಗೆದುಕೊಳ್ಳುತ್ತದೆ.

ಇನ್ನು ಯಾವ ಶಾಲೆ. ಸೇಲಂನವರಿಗೆ ಬೋರ್ಡಿಂಗ್ ಶಾಲೆ ಅಂದರೆ ಕಣ್ಣು ತಾನಾಗಿ ಬೆಟ್ಟದ ಕಡೆ ಹೋಗುತ್ತದೆ. ಶೆವರಾಯ್ ಬೆಟ್ಟದ ಮೇಲೆ ಯೇರ್ಕಾಡಿನಲ್ಲಿ ಬ್ರಿಟಿಷರ ಕಾಲದ ಶಾಲೆಗಳಿವೆ. ಹುಡುಗಿಯರ ಸೇಕ್ರೆಡ್ ಹಾರ್ಟ್ ಇದೆ, 1917ರಲ್ಲಿ ಶುರುವಾದ ಮಾಂಟ್‌ಫೋರ್ಟ್ ಇದೆ. ಶಶಿ ತರೂರ್ ಚಿಕ್ಕಂದಿನಲ್ಲಿ ಕೆಲಕಾಲ ಓದಿದ್ದು ಮಾಂಟ್‌ಫೋರ್ಟಿನಲ್ಲಿ. 2014ರಲ್ಲಿ ಧರ್ಮಪುರಿಯಿಂದ ಲೋಕಸಭೆಗೆ ಹೋದ ಅನ್ಬುಮಣಿ ರಾಮದಾಸ್ ಓದಿದ್ದೂ ಅಲ್ಲೇ. ನನ್ನ ಅಪ್ಪನಿಗೆ ಆ ಹೆಸರುಗಳ ಮೇಲೆ ಬಹಳ ಮೋಹ. ಚಳಿ, ಕಾಫಿ ತೋಟ, ಕಲ್ಲಿನ ಕಟ್ಟಡ ನೋಡಿದರೆ ಯಾರಿಗಾದರೂ ಮನಸ್ಸಾಗುತ್ತದೆ, ನನಗೂ ಆಯಿತು. ಆದರೆ ಸೇಲಂನಿಂದ ಮೇಲೆ ಹೋಗಲು ಇಪ್ಪತ್ತು ಹೇರ್‌ಪಿನ್ ತಿರುವು. ನಾವು ವಾಪಸು ಬಂದ ದಿನ ಮಗಳು ಮನೆಯಿಂದ ಓಡಾಡಿ ಅಲ್ಲಿ ಓದಲಾರಳು. ಆಗ ಎರಡೇ ದಾರಿ: ಮನೆಯಲ್ಲಿ ಅಪ್ಪ ಅಮ್ಮ ಇದ್ದರೂ ಹಾಸ್ಟೆಲ್ ಫೀಸು ಕಟ್ಟುತ್ತಲೇ ಇರಬೇಕು, ಇಲ್ಲವೇ ಟಿ.ಸಿ. ತೆಗೆಸಬೇಕು. ಯಾವ ಅಪಾಯಕ್ಕೆ ಹೆದರಿ ಹಾಸ್ಟೆಲ್ ಹುಡುಕುತ್ತಿದ್ದೆವೋ ಅದೇ ಅಪಾಯವನ್ನು ಬೆಟ್ಟದ ಮೇಲೆ ಹತ್ತಿಸಿ ಇಟ್ಟ ಹಾಗೆ.

ಧರ್ಮಪುರಿಯಲ್ಲಿ ನನ್ನ ಅತ್ತೆಯ ಮನೆ ಇದೆ, ಅಪ್ಪನ ತಂಗಿ. "ಇಲ್ಲೇ ಹಾಕಪ್ಪಾ, ನಾನು ವಾರವಾರ ಹೋಗಿ ನೋಡ್ಕೊಂಡು ಬರ್ತೀನಿ" ಅಂದರು. ಅವರ ಮಾತಿಗೆ ಆ ಕಡೆಯ ಕೆಲವು ಶಾಲೆಗಳನ್ನೂ ನೋಡಿದೆವು. ನಾಮಕ್ಕಲ್, ರಾಸಿಪುರಂ ಕಡೆಯಿಂದ ಹಬ್ಬಿದ ಅಂಕದ ಹಾಸ್ಟೆಲ್ ಪದ್ಧತಿ ಈ ಇಡೀ ಸೀಮೆಯಲ್ಲಿ ಗೊತ್ತಿರುವ ವ್ಯಾಪಾರವೇ. ಬೆಳಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ಓದಿಸುವುದು, ಹನ್ನೊಂದರ ಪುಸ್ತಕ ಮುಚ್ಚಿಟ್ಟು ಎರಡು ವರ್ಷವೂ ಹನ್ನೆರಡರ ಪಾಠವನ್ನೇ ಅರೆಯುವುದು. ಆ ವರ್ಷ ಅದಕ್ಕೆ ಮೂರು ಕಡೆಯಿಂದ ಪೆಟ್ಟು ಬಿದ್ದಿತ್ತು. ತಮಿಳುನಾಡಿನಲ್ಲಿ ವೈದ್ಯಕೀಯ ಸೀಟಿಗೆ ನೀಟ್ ಬಂದಿತ್ತು, ರಾಜ್ಯಕ್ಕೆ ಮೊದಲ ರ‍್ಯಾಂಕ್ ಅಂತ ಪ್ರಕಟಿಸುವುದನ್ನು ಸರ್ಕಾರ ನಿಲ್ಲಿಸಿತ್ತು. 2017–18ರಿಂದ ಹನ್ನೊಂದಕ್ಕೂ ಪಬ್ಲಿಕ್ ಪರೀಕ್ಷೆ ಅಂತ ಸಾರಿತ್ತು. ಒಂದು ಆಫೀಸಿನಲ್ಲಿ ನೀಟ್ ತರಬೇತಿಗೆ ಬೇರೆ ರಸೀದಿ, ಬೇರೆ ಮೊತ್ತ ಅಂದರು. ಎಂಟನೇ ತರಗತಿಯ ಮಗುವಿಗೆ! ನನ್ನ ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು.

ಕೊನೆಗೆ ಹಿಡಿದದ್ದು ಸೇಲಂ ಹೊರವಲಯದ, ದಿನವೂ ಮನೆಯಿಂದ ಬರುವ ಮಕ್ಕಳೂ ಹಾಸ್ಟೆಲಿನ ಮಕ್ಕಳೂ ಒಂದೇ ತರಗತಿಯಲ್ಲಿ ಕೂರುವ ಒಂದು ಸಿಬಿಎಸ್‌ಇ ಶಾಲೆ. ದೊಡ್ಡ ಹೆಸರೇನಿಲ್ಲ. ನಾನು ಕೇಳಿದ್ದು ಒಂದೇ: ಹಾಸ್ಟೆಲಿನಿಂದ ಡೇ ಸ್ಕಾಲರ್ ಆಗಿ ಬದಲಾದರೆ ಏನು ಕಟ್ಟಬೇಕು, ಏನು ವಾಪಸು ಬರುತ್ತದೆ? ಬರವಣಿಗೆಯಲ್ಲಿ ಕೊಡಿ ಅಂದೆ. ಕೊಟ್ಟರು. ಹಾಸ್ಟೆಲ್ ಫೀಸು ಟರ್ಮಿನ ಲೆಕ್ಕ, ಟರ್ಮ್ ಶುರುವಾಗುವ ಮೊದಲೇ ತಿಳಿಸಿದರೆ ಮುಂದಿನದ್ದು ಕಟ್ಟಬೇಕಿಲ್ಲ, ಕಾಷನ್ ಡೆಪಾಸಿಟ್ ಮಾತ್ರ ಶಾಲೆ ಬಿಡುವಾಗಲೇ. ಹೀಗೆ ಬರೆದುಕೊಡಲು ಹಿಂಜರಿದ ಶಾಲೆಗಳಿದ್ದವು. ಅವುಗಳ ಲ್ಯಾಬು, ಈಜುಕೊಳ ಎಲ್ಲ ಇದಕ್ಕಿಂತ ಚೆನ್ನಾಗಿದ್ದವು ಅನ್ನುವುದನ್ನೂ ಹೇಳಬೇಕು.

ಫೀಸಿನ ಚೀಟಿ ಓದುವವರಿಗೆ ಇನ್ನೊಂದು ವಿಷಯ. ತಮಿಳುನಾಡಿನಲ್ಲಿ 2009ರ ಕಾನೂನಿನಂತೆ ಖಾಸಗಿ ಶಾಲೆಗಳ ಫೀಸನ್ನು ನಿವೃತ್ತ ಹೈಕೋರ್ಟ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ನಿಗದಿ ಮಾಡುತ್ತದೆ. ಅದನ್ನು ನಂಬಿ ಹಾಸ್ಟೆಲ್ ಮಕ್ಕಳ ಪೋಷಕರು ನೆಮ್ಮದಿಯಾಗಬಾರದು. ನಾವು ನೋಡಿದ ಚೀಟಿಗಳಲ್ಲೆಲ್ಲ ಪಾಠದ ಫೀಸು ಒಂದು ಸಾಲು. ಉಳಿದ ಹಾಸ್ಟೆಲ್, ಮೆಸ್, ಬಟ್ಟೆ ಒಗೆತ, ಕೈಖರ್ಚಿನ ಠೇವಣಿ ಎಲ್ಲ ಬೇರೆ ಬೇರೆ ಸಾಲುಗಳು. ವರ್ಷವರ್ಷ ಏರಿದ್ದು ಆ ಸಾಲುಗಳೇ.

ಆದಾಯ ತೆರಿಗೆಯವರೂ ಹಾಸ್ಟೆಲನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹಳೆಯ ಪದ್ಧತಿಯ 80ಸಿಯಲ್ಲಿ ಇಬ್ಬರು ಮಕ್ಕಳ ಪಾಠದ ಫೀಸಿಗೆ ಮಾತ್ರ ವಿನಾಯಿತಿ, ಅದೂ ಎಲ್ಲ ಉಳಿತಾಯ ಸೇರಿ ಒಂದೂವರೆ ಲಕ್ಷದೊಳಗೆ. ಸಂಬಳದಲ್ಲಿ ಹಾಸ್ಟೆಲ್ ಭತ್ಯೆ ಅಂತ ಒಂದಿತ್ತು, ಒಂದು ಮಗುವಿಗೆ ತಿಂಗಳಿಗೆ 300 ರೂಪಾಯಿಯವರೆಗೆ ತೆರಿಗೆ ಇಲ್ಲ. ಆ ಮುನ್ನೂರಕ್ಕೆ ಮಗಳ ಹಾಸ್ಟೆಲಿನಲ್ಲಿ ಎರಡು ದಿನದ ಊಟವೂ ಬರುತ್ತಿರಲಿಲ್ಲ. ಹೇಗೂ ಸೌದಿಯಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ, ನನ್ನ ಇಲ್ಲಿನ ವರಮಾನ ಮೇಲಿನ ಮಹಡಿಯ ಬಾಡಿಗೆ ಮಾತ್ರ. ಹಾಗಾಗಿ ಇದು ನಮ್ಮ ನಿರ್ಧಾರವನ್ನು ಕದಲಿಸಲಿಲ್ಲ.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ಬ್ಯಾಂಕಿನ ಕೆಲಸಕ್ಕೆ. ಅನಿವಾಸಿಯಾದ ಮೇಲೆ ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಅದರ ಬಡ್ಡಿಗೆ ಮೂವತ್ತು ಪರ್ಸೆಂಟಿನ ಮೇಲೆ ಟಿಡಿಎಸ್ ಕತ್ತರಿಸುತ್ತಾರೆ. ಸೌದಿಯಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆದರೆ ಬಡ್ಡಿಗೆ ತೆರಿಗೆ ಇಲ್ಲ, ಆದರೆ ಅದರ ಎಫ್‌ಡಿ ಕನಿಷ್ಠ ಒಂದು ವರ್ಷದ್ದು, ಮೊದಲೇ ಮುರಿದರೆ ಬಡ್ಡಿಯೇ ಇಲ್ಲ. ಫೀಸು ಕಟ್ಟುವ ತಿಂಗಳುಗಳು ಗೊತ್ತಿದ್ದರಿಂದ ಆಯಾ ತಿಂಗಳಿಗೆ ಮುಗಿಯುವಂತೆ ಒಂದು ವರ್ಷ ಮುಂಚೆಯೇ ಸಣ್ಣ ಸಣ್ಣ ಎಫ್‌ಡಿ ಮಾಡಿಟ್ಟೆ. ಊರಿನಲ್ಲಿ ಚೆಕ್ ಬರೆಯಲು ಅಪ್ಪನಿಗೆ ಅಧಿಕಾರಪತ್ರ ಕೊಟ್ಟೆ. ನೌಕರಿ ನಾಳೆ ಹೋದರೂ ಮಗಳ ಒಂದು ವರ್ಷ ಬ್ಯಾಂಕಿನಲ್ಲಿ ಕೂತಿರುತ್ತಿತ್ತು.

ರೂಪಾಯಿಯ ಇಳಿತ ನಮ್ಮ ಕಡೆ ಇತ್ತು. 2017ರಲ್ಲಿ ಕಟ್ಟಿದ 1,80,000 ಸುಮಾರು 10,500 ರಿಯಾಲ್. ಅದೇ ಶಾಲೆ, ಅದೇ ಹಾಸ್ಟೆಲ್ 2021ಕ್ಕೆ 2,20,000 ಆಗಿತ್ತು, ರಿಯಾಲ್‌ನಲ್ಲಿ 11,200ರೊಳಗೆ. ರೂಪಾಯಿಯಲ್ಲಿ ದುಡಿಯುವವನಿಗೆ ಶೇಕಡಾ 22ರ ಏರಿಕೆ, ರಿಯಾಲ್ ದುಡಿಯುವವನಿಗೆ ಏಳರೊಳಗೆ. ಇದು ಜಾಣತನವಲ್ಲ, ವಿನಿಮಯ ದರದ ಪುಣ್ಯ. ಹೊರದೇಶಕ್ಕೆ ಹೋಗುವವರು ಊರಿನ ಹಾಸ್ಟೆಲ್ ದುಬಾರಿ ಅನ್ನುವಾಗ ಯಾವ ನಾಣ್ಯದಲ್ಲಿ ಅನ್ನುತ್ತಿದ್ದೇವೆ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಅಜ್ಜಿ ತಾತನ ಮನೆಯಿಂದಲೇ ಡೇ ಸ್ಕಾಲರ್ ಆಗಿ ಕಳಿಸಬಹುದಿತ್ತಲ್ಲ ಅಂತ ಓದುಗರು ಕೇಳುತ್ತೀರಿ. ಕಾಗದದ ಮೇಲೆ ಅದೇ ಎಲ್ಲಕ್ಕಿಂತ ಅಗ್ಗ. ಬೆಳಗ್ಗೆ ಡಬ್ಬಿ ಕಟ್ಟುವುದು, ಜ್ವರ ಬಂದ ರಾತ್ರಿ ಎದ್ದು ಕೂರುವುದು, ಹದಿಮೂರರ ಹುಡುಗಿಯ ಜತೆ ಜಗಳ ಆಡುವುದು, ಇದೆಲ್ಲ ಎಪ್ಪತ್ತು ದಾಟಿದ ಅಮ್ಮನ ಖಾತೆಗೆ ಬೀಳುತ್ತಿತ್ತು. ಆ ಖಾತೆಯ ಪಾಸ್‌ಬುಕ್ ಯಾರೂ ಎಂಟ್ರಿ ಮಾಡಿಸುವುದಿಲ್ಲ. ಹಾಸ್ಟೆಲ್ ಇಟ್ಟುಕೊಂಡು, ಔಟ್‌ಪಾಸ್ ಸಿಕ್ಕ ಭಾನುವಾರ ಮನೆಗೆ ಕಳಿಸುವುದು ಅಂತ ಮಾಡಿದೆವು. ನಾವು ನೋಡಿದ ಯಾವ ಶಾಲೆಯಲ್ಲೂ ಕನ್ನಡ ಪಾಠ ಇರಲಿಲ್ಲ. ಆ ಭಾನುವಾರಗಳಲ್ಲಿ ಅಪ್ಪ ಅವಳಿಗೆ ಓದು ಬರಹ ಕಲಿಸಿದರು, ಒತ್ತಕ್ಷರಕ್ಕೆ ಬರುವಾಗ ಇಬ್ಬರಿಗೂ ಜಗಳ.

ವಿಮೆ ಕೈಗೆ ಬಂದದ್ದು 2019ರಲ್ಲಿ. ನನ್ನ ನೌಕರಿ ಹೋಗಲಿಲ್ಲ. ಆದರೆ ತಲೆಗಂದಾಯ 300ಕ್ಕೆ ಏರುವ ಮುಂಚೆ ಹೆಂಡತಿ, ಮಗ ಊರಿಗೆ ಮರಳಿದರು. ಇಬ್ಬರಿಗೆ ಆ ವರ್ಷ 7,200 ರಿಯಾಲ್, ಜತೆಗೆ ಫ್ಯಾಮಿಲಿ ಮನೆಯ ಬಾಡಿಗೆ. ಆ ಲೆಕ್ಕದ ಮುಂದೆ ಒಟ್ಟಿಗಿರುವ ಸುಖ ಸೋತಿತು. ಮಗಳು ಆಗ ಹತ್ತಕ್ಕೆ ಕಾಲಿಟ್ಟಿದ್ದಳು. ಒಂದು ಅರ್ಜಿ ಬರೆದುಕೊಟ್ಟು, ಟ್ರಂಕು ತಂದು, ಮರುವಾರ ಬಸ್ ಪಾಸಿನಲ್ಲಿ ಅದೇ ತರಗತಿಗೆ ಹೋದಳು. ಟಿ.ಸಿ. ಇಲ್ಲ, ಹೊಸ ಡೊನೇಶನ್ ಇಲ್ಲ, ಬೋರ್ಡಿನ ಅನುಮತಿ ಇಲ್ಲ. ವರ್ಷಕ್ಕೆ ಒಂದು ಲಕ್ಷದ ಮೇಲೆ ಉಳಿಯಿತು, ಆವರೆಗೆ ಹೆಚ್ಚಿಗೆ ಕಟ್ಟಿದ್ದು ಸರಿಸುಮಾರು ಅಲ್ಲಿಗೆ ಸರಿಹೋಯಿತು. ಮುಂದಿನ ಮಾರ್ಚಿನಲ್ಲಿ ಕೋವಿಡ್ ಬಂದು ಹಾಸ್ಟೆಲುಗಳು ಮುಚ್ಚಿದವು, ಅಂತರರಾಷ್ಟ್ರೀಯ ವಿಮಾನ ನಿಂತವು. ಮದ್ರಾಸ್ ಹೈಕೋರ್ಟ್ ಜುಲೈ 2020ರಲ್ಲಿ ಮೊದಲು ಶೇಕಡಾ 40, ಶಾಲೆ ತೆರೆದ ಮೇಲೆ 35 ಅಂತ ಪಾಠದ ಫೀಸಿಗೆ ಮಿತಿ ಹಾಕಿತು. ದಮ್ಮಾಮಿನ ನನ್ನ ಸಹೋದ್ಯೋಗಿಯೊಬ್ಬರು ಬೇರೆ ಊರಿನ ಒಂದು ಶಾಲೆಗೆ ಇಡೀ ವರ್ಷದ ಹಾಸ್ಟೆಲ್ ಫೀಸು ಮುಂಗಡ ಕಟ್ಟಿದ್ದರು. ವಾಪಸಿನ ನಿಯಮ ಯಾವ ಕಾಗದದಲ್ಲೂ ಇರಲಿಲ್ಲ. ತಿಂಗಳುಗಟ್ಟಲೆ ಪತ್ರ ಬರೆದು ಕೊನೆಗೆ ಮರುವರ್ಷದ ಫೀಸಿನಲ್ಲಿ ವಜಾ ಮಾಡಿಸಿಕೊಂಡರು.

ಮಗಳು 2022ರಲ್ಲಿ ಹನ್ನೆರಡು ಮುಗಿಸಿದಳು. ಕಾಷನ್ ಡೆಪಾಸಿಟ್‌ನ ಚೆಕ್ ಅಪ್ಪನ ಹೆಸರಿಗೆ ಬಂತು, ಅರ್ಜಿಯಲ್ಲಿ ಸಹಿ ಅವರದ್ದೇ ಇತ್ತಲ್ಲ. ಅದನ್ನು ಅವರು ನನಗೆ ಇನ್ನೂ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ.