ವರ್ಜನ ಪಥ್ಯದಲ್ಲಿ ಹಾಲಿನ ಲೋಟಕ್ಕೆ ಬದಲಿ

ರಾತ್ರಿ ಮಲಗುವ ಮುನ್ನ ಒಂದು ಲೋಟ ಬಿಸಿ ಹಾಲು ಕುಡಿಯುವುದು ನಮ್ಮ ಅನೇಕ ಮನೆಗಳಲ್ಲಿ ಬಹುಕಾಲದಿಂದ ಬಂದ ವಾಡಿಕೆ. ಚರ್ಮದ ತುರಿಕೆ, ಹೊಟ್ಟೆಯುಬ್ಬರ, ಮರುಕಳಿಸುವ ಭೇದಿ ಮುಂತಾದ ತೊಂದರೆಗಳಿಗೆ ಕಾರಣ ತಿಳಿಯದಿದ್ದಾಗ, ಸಂಶಯಕ್ಕೆ ಎಡೆಯಾದ ಕೆಲವು ಆಹಾರಗಳನ್ನು ವೈದ್ಯರು ಕೆಲಕಾಲ ಬಿಡಿಸಿ ನೋಡುವುದುಂಟು. ಇದನ್ನು ವರ್ಜನ ಪಥ್ಯವೆಂದು ಕರೆಯಬಹುದು. ಅಮೆರಿಕದ ವೈದ್ಯ ಆಲ್ಬರ್ಟ್ ರೋ ಅವರು 1920ರ ದಶಕದಲ್ಲಿ ಇದಕ್ಕೊಂದು ಕ್ರಮಬದ್ಧ ರೂಪ ಕೊಟ್ಟರು. ಬದನೆಕಾಯಿಯನ್ನು ಬಿಡಿ ಎಂದರೆ ಯಾರೂ ಚಿಂತಿಸುವುದಿಲ್ಲ. ಹಾಲನ್ನು ಬಿಡಿ ಎಂದಾಗಲೇ ಪಥ್ಯ ಮುರಿಯುವುದು.

ಈ ಪಥ್ಯ ಚಿಕಿತ್ಸೆಯಲ್ಲ, ಪರೀಕ್ಷೆ ಎಂಬುದನ್ನು ಗಮನಿಸಬೇಕು. ಲೆಕ್ಕ ತಾಳೆಯಾಗದಿದ್ದಾಗ ಒಂದೊಂದೇ ನಮೂದನ್ನು ಪರಿಶೀಲಿಸುವ ನಮ್ಮಂಥ ಬ್ಯಾಂಕಿನವರಿಗೆ ಇದು ಪರಿಚಿತವಾದ ಕ್ರಮವೇ. ಹಾಲು ಬಿಟ್ಟೆನೆಂದು ಹೇಳುತ್ತ ದಿನವೂ ಅನ್ನಕ್ಕೆ ಒಂದು ಸೌಟು ಮಜ್ಜಿಗೆ ಬಡಿಸಿಕೊಂಡರೆ, ಮೂರು ವಾರಗಳ ಶ್ರಮದ ನಂತರವೂ ಹಾಲನ್ನು ದೋಷಿಯೆಂದಾಗಲಿ ನಿರ್ದೋಷಿಯೆಂದಾಗಲಿ ತೀರ್ಮಾನಿಸಲಾಗದು.

ಸಂಶಯ ಹಾಲಿನ ಯಾವ ಅಂಶದ ಮೇಲಿದೆ ಎಂಬುದನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿಯಬೇಕು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಮೊಸರು, ತುಪ್ಪ ಸಾಮಾನ್ಯವಾಗಿ ಒಗ್ಗುತ್ತವೆ. ಲ್ಯಾಕ್ಟೋಸ್‌ರಹಿತ ಹಾಲೂ ಪೇಟೆಯಲ್ಲಿ ದೊರೆಯುತ್ತದೆ. ಸಂಶಯ ಹಾಲಿನ ಪ್ರೋಟೀನುಗಳ ಮೇಲಿದ್ದರೆ ಮೊಸರು, ಮಜ್ಜಿಗೆ, ಪನೀರ್, ಖೋವಾ ಎಲ್ಲವೂ ವರ್ಜ್ಯ. ತುಪ್ಪದಲ್ಲಿಯೂ ಪ್ರೋಟೀನಿನ ಶೇಷ ಇರಬಹುದು. ಎಮ್ಮೆಯ ಹಾಲಾಗಲಿ ಆಡಿನ ಹಾಲಾಗಲಿ ಇಲ್ಲಿ ಬದಲಿಯಾಗದು; ಅವುಗಳ ಪ್ರೋಟೀನುಗಳೂ ಹಸುವಿನ ಹಾಲಿನವನ್ನು ಬಹಳ ಮಟ್ಟಿಗೆ ಹೋಲುತ್ತವೆ. ಬಿಸ್ಕತ್ತು, ಬ್ರೆಡ್ಡು, ಮಾಲ್ಟ್ ಪುಡಿಗಳ ಪೊಟ್ಟಣದ ಮೇಲೆ ಕ್ಯಾಸೀನ್, ವೇ, ಮಿಲ್ಕ್ ಸಾಲಿಡ್ಸ್ ಎಂಬ ಹೆಸರುಗಳಿವೆಯೇ ಎಂದು ಓದಿ ನೋಡುವುದು ಅವಶ್ಯಕ.

ಇನ್ನು ಬದಲಿಯ ವಿಚಾರ. ರಾತ್ರಿಯ ಲೋಟ ನಮಗೆ ಕೊಡುವುದು ಪೋಷಣೆಯನ್ನು ಮಾತ್ರವಲ್ಲ. ಬಿಸಿ, ಸಿಹಿ, ಹೊಟ್ಟೆ ತುಂಬಿದ ನೆಮ್ಮದಿ, ದಿನ ಮುಗಿಯಿತೆಂಬ ಸೂಚನೆ, ಇವೆಲ್ಲವೂ ಅದರಲ್ಲಿ ಸೇರಿವೆ. ಆದುದರಿಂದ ಆ ಹೊತ್ತನ್ನು ಬರಿದಾಗಿ ಬಿಡದೆ ಅದೇ ಲೋಟದಲ್ಲಿ ಬೇರೊಂದು ಬಿಸಿ ಪಾನೀಯವನ್ನು ಕುಡಿಯುವುದು ಲೇಸು. ರಾಗಿ ಇದಕ್ಕೆ ಬಹಳ ಯೋಗ್ಯ. ಎರಡು ದೊಡ್ಡ ಚಮಚ ಮೊಳಕೆ ರಾಗಿಯ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಹೊಯ್ದು, ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಿ, ಬೆಲ್ಲ ಏಲಕ್ಕಿ ಸೇರಿಸಿದರೆ ಸಾಕು. ಮೊಳಕೆ ಬರಿಸುವುದರಿಂದ ಸುಣ್ಣಾಂಶದ ಹೀರಿಕೆಗೆ ತಡೆಯೊಡ್ಡುವ ಫೈಟೇಟ್ ಕಡಿಮೆಯಾಗುತ್ತದೆ. ಸಿಹಿ ಬೇಡದವರಿಗೆ ಉಪ್ಪು, ಜೀರಿಗೆ ಹಾಕಿದ ಅಕ್ಕಿಯ ಗಂಜಿ ಇದೆ. ಹಗಲಿನ ಕಾಫಿಯ ಸಮಸ್ಯೆ ಇದಕ್ಕಿಂತ ಕಠಿಣ. ಹಾಲಿಲ್ಲದ ಡಿಕಾಕ್ಷನ್ ಎಲ್ಲರಿಗೂ ರುಚಿಸದು. ಮುಂಬಯಿಯ ಕಚೇರಿಗಳಲ್ಲಿರುವವರು ನಿಂಬೆರಸ ಹಿಂಡಿದ ಕಪ್ಪು ಚಹಾಕ್ಕೆ ಹೊಂದಿಕೊಳ್ಳಬಹುದು.

ಬಣ್ಣ ಬಿಳಿಯಾದ ಮಾತ್ರಕ್ಕೆ ಎಲ್ಲವೂ ಹಾಲಾಗುವುದಿಲ್ಲ. ತೆಂಗಿನ ಹಾಲಿನಲ್ಲಿ ಸುಣ್ಣಾಂಶವೂ ಪ್ರೋಟೀನೂ ಅಲ್ಪ. ಸೋಯಾ ಹಾಲಿನಲ್ಲಿ ಪ್ರೋಟೀನ್ ಉಂಟು. ಆದರೆ ಸುಣ್ಣಾಂಶ ಬೆರೆಸಿದ್ದೇ ಆಗಿರಬೇಕು. ಸೋಯಾ, ಎಳ್ಳು, ಬಾದಾಮಿಗಳೂ ಕೆಲವರಿಗೆ ಒಗ್ಗದ ವಸ್ತುಗಳು. ಪಥ್ಯದ ಪಟ್ಟಿಯಲ್ಲಿ ಅವೂ ಇದ್ದರೆ, ಒಂದು ಸಂಶಯವನ್ನು ಬಿಟ್ಟು ಇನ್ನೊಂದನ್ನು ಕುಡಿದಂತಾಗುತ್ತದೆ.

200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸುಣ್ಣಾಂಶವಿದೆ. 100 ಗ್ರಾಂ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಂ. ಎಂದರೆ 25 ಗ್ರಾಂ ಹಿಟ್ಟಿನ ಒಂದು ಲೋಟದಿಂದ ದೊರೆಯುವುದು 90ರ ಆಸುಪಾಸು ಮಾತ್ರ. ಉಳಿದುದನ್ನು ಮುದ್ದೆ, ನುಗ್ಗೆಸೊಪ್ಪು, ಪಟ್ಟಿಯಲ್ಲಿಲ್ಲದಿದ್ದರೆ ಎಳ್ಳಿನ ಚಟ್ನಿಪುಡಿ, ಇವುಗಳಿಂದ ತುಂಬಿಕೊಳ್ಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ ಪ್ರಮಾಣ ದಿನಕ್ಕೆ 1,000 ಮಿಲಿಗ್ರಾಂ.

ಪಥ್ಯದ ಅವಧಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ತೊಂದರೆ ತಗ್ಗಿದರೂ ಅಲ್ಲಿಗೇ ನಿಲ್ಲಿಸಬಾರದು. ವೈದ್ಯರ ಸೂಚನೆಯಂತೆ ಹಾಲೊಂದನ್ನೇ ಅಲ್ಪ ಪ್ರಮಾಣದಿಂದ ಪುನಃ ಆರಂಭಿಸಿ, ದಿನದಿನದ ಪರಿಣಾಮವನ್ನು ಬರೆದಿಡಬೇಕು. ಅನೇಕರು ಈ ಹಂತವನ್ನು ಕೈಬಿಟ್ಟು, ನಿಷ್ಕಾರಣವಾಗಿ ವರ್ಷಗಟ್ಟಲೆ ಹಾಲಿನಿಂದ ದೂರವಿರುತ್ತಾರೆ. ಹಿಂದೆ ತುಟಿ ಊದಿದ, ಉಸಿರು ಕಟ್ಟಿದ ಅನುಭವವಿದ್ದವರು ಮನೆಯಲ್ಲಿ ಈ ಪ್ರಯೋಗವನ್ನು ಮಾಡಲೇಬಾರದು; ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳದೆ ಹಾಲು ಬಿಡಿಸುವುದು ಸಲ್ಲದು. ಹಾಲನ್ನು ಕಾಯಮ್ಮಾಗಿ ಬಿಡಬೇಕಾಗಿ ಬಂದ ಸಸ್ಯಾಹಾರಿಗಳು ಬಿ-12 ಜೀವಸತ್ವಕ್ಕಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ಅದನ್ನು ರಾಗಿಯಾಗಲಿ ಸೊಪ್ಪಾಗಲಿ ಒದಗಿಸಲಾರದು.